ಶಾಲೆಯ ಸಭಾಂಗಣದಲ್ಲಿ ಮಂಕ್, ಕ್ಯಾಸೆಟ್ಟಿನಲ್ಲಿ ಅಪ್ಪ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹಾರ್ಮೋನಿಯಂ ಕಲಿಸುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಥೆಲೋನಿಯಸ್ ಮಂಕ್ ಎಂಬ ಅಮೆರಿಕದ ಜಾಝ್ ಪಿಯಾನೊ ವಾದಕರ ‘ಪಾಲೊ ಆಲ್ಟೊ’ ಆಲ್ಬಮ್ ಕೇಳಿಸಿದ. 1968ರಲ್ಲಿ ಒಂದು ಶಾಲೆಯಲ್ಲಿ ನಡೆದ ಕಛೇರಿಯಂತೆ. ವಾದಕರು ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ, 2020ರಲ್ಲಿ ಹೊರಬಂದಿತಂತೆ. ಎಷ್ಟು ಕೇಳಿದರೂ ಅಲ್ಲಲ್ಲಿ ಪಕ್ಕದ ಸ್ವರಕ್ಕೆ ಬೆರಳು ತಗುಲಿದಂತೆ ಅನಿಸುತ್ತದೆ. ಇದನ್ನು ಯಾಕೆ ಇಷ್ಟು ಹೊಗಳುತ್ತಾರೆ? ಬದುಕಿದ್ದಾಗ ಅವರು ಒಪ್ಪಿಗೆ ಕೊಡದ ಧ್ವನಿಮುದ್ರಣವನ್ನು ಸತ್ತ ಮೇಲೆ ಮಾರುವುದು ಸರಿಯೇ? ಇದನ್ನು ಕೇಳಲು ಸ್ವಂತ ಕಾರಣವೂ ಇದೆ. ನಮ್ಮ ತಂದೆ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಾಗಿದ್ದರು. 1980ರ ದಶಕದಲ್ಲಿ ಗಣೇಶೋತ್ಸವದ ಪೆಂಡಾಲಿನಲ್ಲಿ ಅವರು ಸೋಲೊ ನುಡಿಸಿದ ಕಾರ್ಯಕ್ರಮದ ಎರಡು ಕ್ಯಾಸೆಟ್‌ಗಳು ಮನೆಯಲ್ಲಿವೆ. ಯೂಟ್ಯೂಬಿಗೆ ಹಾಕಬೇಕೆಂದು ನನ್ನ ಆಸೆ. ‘ಅಪ್ಪನಿಗೆ ಅದು ಇಷ್ಟವಿರಲಿಲ್ಲ, ಬೇಡ’ ಎನ್ನುತ್ತಾಳೆ ಅಕ್ಕ. ಏನು ಮಾಡಲಿ?

ಉತ್ತರ: ಪಕ್ಕದ ಸ್ವರಕ್ಕೆ ಬೆರಳು ತಗುಲಿದ್ದಲ್ಲ, ಬೇಕೆಂದೇ ತಗುಲಿಸಿದ್ದು. ಈ ಮನುಷ್ಯನಿಗೆ ಪಿಯಾನೊ ನುಡಿಸಲು ಸರಿಯಾಗಿ ಬರುವುದಿಲ್ಲ ಎಂದು ಮಂಕ್ ಬದುಕಿದ್ದಾಗಲೇ ಹಲವು ವಿಮರ್ಶಕರು ದೂರಿದ್ದರು, ಆದ್ದರಿಂದ ನಿಮ್ಮ ಅನುಮಾನ ಹೊಸದೇನಲ್ಲ. ಆದರೆ ಹಾರ್ಮೋನಿಯಂ ನುಡಿಸುವ ನಿಮಗೆ ಇದರ ಒಳಗುಟ್ಟು ಬೇರೆಯವರಿಗಿಂತ ಬೇಗ ಸಿಗುತ್ತದೆ. ಎರಡೂ ವಾದ್ಯಗಳ ಕೊರತೆ ಒಂದೇ: ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಇಲ್ಲ. ಕೋಮಲ ಗಾಂಧಾರ ಒಂದು ಕೀಯಲ್ಲಿ, ಶುದ್ಧ ಗಾಂಧಾರ ಪಕ್ಕದ ಕೀಯಲ್ಲಿ, ನಡುವೆ ನಿಲ್ಲಲು ಜಾಗವಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ನಿಮ್ಮ ತಂದೆಯವರ ತಲೆಮಾರಿನ ಪೇಟಿ ಮಾಸ್ತರರು ಆ ಅವಮಾನವನ್ನು ಉಂಡವರು.

ಜಾಝ್‌ಗೆ ಬೇರಾದ, ಅಮೆರಿಕದ ಕರಿಯರ ಹಾಡುಗಾರಿಕೆ ಬ್ಲೂಸ್. ಅದನ್ನು ಹಾಡುವವರ ಗಾಂಧಾರ ಪೂರ್ತಿ ಕೋಮಲವೂ ಅಲ್ಲ, ಪೂರ್ತಿ ಶುದ್ಧವೂ ಅಲ್ಲ. ಗಂಟಲಿನಲ್ಲಿ, ಗಿಟಾರಿನ ತಂತಿಯಲ್ಲಿ ಅದು ಸಲೀಸು. ಪಿಯಾನೊದಲ್ಲಿ ಆ ಸ್ವರವೇ ಇಲ್ಲ. ಮಂಕ್ ಬಳಸುವ ಉಪಾಯವೆಂದರೆ ಎರಡೂ ಕೀಗಳನ್ನು ಒಟ್ಟಿಗೆ ಹೊಡೆದು ಒಂದರಿಂದ ಬೆರಳೆತ್ತುವುದು. ನಿಮ್ಮ ಪೇಟಿಯಲ್ಲೇ ನೋಡಿ. ಕರಿ ಐದನ್ನು, ಅಂದರೆ ಸಪ್ತಕದ ಐದನೆಯ ಕಪ್ಪು ಕೀಯನ್ನು, ಷಡ್ಜ ಮಾಡಿಕೊಳ್ಳಿ. ಕೋಮಲ ಗಾಂಧಾರ ಕರಿ ಒಂದಕ್ಕೂ ಶುದ್ಧ ಗಾಂಧಾರ ಬಿಳಿ ಎರಡಕ್ಕೂ ಬರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿ, ಸ್ವರಗಳು ಒಂದಕ್ಕೊಂದು ತಿಕ್ಕಾಡುವುದು ಕೇಳಿದೊಡನೆ ಕರಿ ಒಂದನ್ನು ಬಿಡಿ. ಉಳಿದ ಗಾಂಧಾರ ಕೆಳಗಿನಿಂದ ಜಾರಿಕೊಂಡು ಬಂದಂತೆ ಕೇಳಿಸುತ್ತದೆ. ಹಾರ್ಮೋನಿಯಂನಲ್ಲಿ ಸ್ವರ ಎಳೆದುಕೊಂಡು ನಿಲ್ಲುವುದರಿಂದ ಪರಿಣಾಮ ಸ್ವಲ್ಪ ಒರಟು, ಪಿಯಾನೊದಲ್ಲಿ ಹೊಡೆತ ಕ್ಷಣಾರ್ಧದಲ್ಲಿ ಕರಗುವುದರಿಂದ ಇನ್ನೂ ನಯ. ಇಲ್ಲದ ಸ್ವರವನ್ನು ಇರುವ ಎರಡರಿಂದ ಹೊರಡಿಸುವ ಕಲೆ ಇದು. ಕೈತಪ್ಪೋ ಉದ್ದೇಶವೋ ಎಂದು ಗೊತ್ತಾಗಬೇಕಾದರೆ ಅದೇ ವಾಕ್ಯ ಮರಳಿ ಬರುವವರೆಗೆ ಕಾಯಿರಿ. ಕೈ ತಪ್ಪಿದವರು ಎರಡನೆಯ ಸಲ ತಿದ್ದಿಕೊಳ್ಳುತ್ತಾರೆ, ಮಂಕ್ ಅದನ್ನೇ ಇನ್ನಷ್ಟು ಒತ್ತಿ ಹೊಡೆಯುತ್ತಾರೆ.

ಇನ್ನು ಹೊಗಳಿಕೆಯ ವಿಚಾರ. ಅರ್ಧ ಹೊಗಳಿಕೆ ಸಂಗೀತಕ್ಕೆ ಸಲ್ಲುತ್ತದೆ, ಇನ್ನರ್ಧ ಅದರ ಹಿಂದಿನ ಕಥೆಗೆ. ಕಥೆ ಸೊಗಸಾಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಹೈಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನಿ ಶೇರ್ ಎಂಬ 16 ವರ್ಷದ ಹುಡುಗನಿಗೆ ಜಾಝ್ ಹುಚ್ಚು. ಸ್ಯಾನ್ ಫ್ರಾನ್ಸಿಸ್ಕೊದ ಕ್ಲಬ್ಬಿನಲ್ಲಿ ನುಡಿಸಲು ಬಂದಿದ್ದ ಮಂಕ್ ಅವರನ್ನು ತನ್ನ ಶಾಲೆಗೆ ಕರೆಸಲು ಹೊರಟ. ಟಿಕೆಟ್ 2 ಡಾಲರ್. ಆ ವರ್ಷದ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿತ್ತು, ಊರೂರಲ್ಲಿ ಕರಿಯರು-ಬಿಳಿಯರ ನಡುವೆ ಬಿಗುವು. ಪಾಲೊ ಆಲ್ಟೊ ಬಿಳಿಯರ ಅನುಕೂಲಸ್ಥ ಊರು, ಹೆದ್ದಾರಿ ದಾಟಿದರೆ ಸಿಗುವ ಈಸ್ಟ್ ಪಾಲೊ ಆಲ್ಟೊ ಹೆಚ್ಚಾಗಿ ಕರಿಯರದು. ಹುಡುಗ ಅಲ್ಲಿಯೂ ಪೋಸ್ಟರ್ ಅಂಟಿಸಿದ. ಮಂಕ್ ಅಂಥ ಕರಿಯ ಕಲಾವಿದರು ಈ ಬಿಳಿಯರ ಶಾಲೆಗೆ ಬರುತ್ತಾರೆಂದು ಅಲ್ಲಿ ಯಾರೂ ನಂಬಲಿಲ್ಲ. ಅಂದು ಅವರು ಶಾಲೆಯ ವಾಹನ ನಿಲ್ದಾಣದಲ್ಲೇ ಕಾದು, ವಾದಕರು ವ್ಯಾನಿನಿಂದ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಟಿಕೆಟ್ ಕೊಂಡರು. ವ್ಯಾನ್ ಓಡಿಸಿದ್ದು ಹುಡುಗನ ಅಣ್ಣ. ಅದು 1968ರ ಅಕ್ಟೋಬರ್ 27, ಭಾನುವಾರದ ಮಧ್ಯಾಹ್ನ.

ಶಾಲೆಯ ಜಾಡಮಾಲಿಯೊಬ್ಬ ಹುಡುಗನಿಗೆ ಒಂದು ಮಾತು ಹೇಳಿದ್ದ: ನಿನ್ನ ಪಿಯಾನೊವನ್ನು ಶ್ರುತಿ ಮಾಡಿಕೊಡುತ್ತೇನೆ, ನನಗೆ ಕಛೇರಿಯನ್ನು ಧ್ವನಿಮುದ್ರಿಸಲು ಬಿಡು. ಹಾಗೆ ಹುಟ್ಟಿದ್ದು ಈ ಟೇಪು. ಆಲ್ಬಮ್ ಹೊರಬಂದಾಗ ಆ ಜಾಡಮಾಲಿಯ ಹೆಸರು ಯಾರಿಗೂ ತಿಳಿದಿರಲಿಲ್ಲ. ಟೇಪು ದಶಕಗಳ ಕಾಲ ಶೇರ್ ಮನೆಯಲ್ಲಿತ್ತು. ಕೊನೆಗೆ ಅವರು ಮಂಕ್ ಅವರ ಮಗ, ಡ್ರಮ್ಸ್ ವಾದಕ ಟಿ. ಎಸ್. ಮಂಕ್ ಅವರನ್ನು ಸಂಪರ್ಕಿಸಿದರು. ಇಂಪಲ್ಸ್ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಅದನ್ನು ಪ್ರಕಟಿಸಿತು. ಮಂಕ್ ತೀರಿಕೊಂಡದ್ದು 1982ರ ಫೆಬ್ರುವರಿ 17ರಂದು. ಅಂದರೆ 38 ವರ್ಷಗಳ ಬಳಿಕ.

ಕಥೆಯನ್ನು ಪಕ್ಕಕ್ಕಿಟ್ಟರೆ ಏನು ಉಳಿಯುತ್ತದೆ? ನನ್ನ ಮಟ್ಟಿಗೆ ಬಹಳಷ್ಟು ಉಳಿಯುತ್ತದೆ, ಅದಕ್ಕೆ ಇನ್ನೊಂದು ಧ್ವನಿಮುದ್ರಿಕೆಯೇ ಸಾಕ್ಷಿ. 1962ರಿಂದ ಮಂಕ್ ಕೊಲಂಬಿಯ ಎಂಬ ದೊಡ್ಡ ಕಂಪನಿಯ ಕಲಾವಿದರು. 1964ರಲ್ಲಿ ಟೈಮ್ ಪತ್ರಿಕೆ ಮುಖಪುಟಕ್ಕೆ ಅವರನ್ನು ಹಾಕಿತ್ತು. 1968ರ ಹೊತ್ತಿಗೆ ರಾಕ್ ಸಂಗೀತದ ಅಬ್ಬರದಲ್ಲಿ ಜಾಝ್ ಮಾರಾಟ ಕುಸಿದು, ಕಂಪನಿಗೆ ಅವರನ್ನು ಹೇಗೆ ಮಾರಬೇಕೆಂದು ತಿಳಿಯದಾಗಿತ್ತು. ಶಾಲೆಯ ಕಛೇರಿಯಾದ ಮುಂದಿನ ತಿಂಗಳೇ, ನವೆಂಬರಿನಲ್ಲಿ, ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿ ದೊಡ್ಡ ವಾದ್ಯವೃಂದ ಸೇರಿಸಿ ‘ಮಂಕ್ಸ್ ಬ್ಲೂಸ್’ ಎಂಬ ಆಲ್ಬಮ್ ಮಾಡಿಸಿದರು. ವಾದ್ಯಸಂಯೋಜನೆ ಆಲಿವರ್ ನೆಲ್ಸನ್ ಅವರದು. ದುಡ್ಡು, ಯಂತ್ರ, ಪರಿಣತರು ಎಲ್ಲವೂ ಇದ್ದವು. ಅದನ್ನೂ ‘ಪಾಲೊ ಆಲ್ಟೊ’ವನ್ನೂ ಒಂದರ ಹಿಂದೊಂದು ಕೇಳಿ. ಸ್ಟುಡಿಯೊದಲ್ಲಿ ಮಂಕ್ ಅವರ ಮೌನಗಳನ್ನೆಲ್ಲ ತುತ್ತೂರಿಗಳು ತುಂಬಿಬಿಟ್ಟಿವೆ. ಅವರ ವಾದನದಲ್ಲಿ ಬಿಟ್ಟ ಜಾಗಕ್ಕೇ ಬೆಲೆ ಎಂಬುದು ಕಂಪನಿಗೆ ಹೊಳೆಯಲಿಲ್ಲ. ಜಾಡಮಾಲಿಯ ಟೇಪಿನಲ್ಲಿ ಆ ಜಾಗಗಳು ಹಾಗೆಯೇ ಇವೆ. ಮಂಕ್ ಅವರ ಸತ್ವ ತೀರಿತು, ಹಳೆಯ ಸರಕನ್ನೇ ತಿರುಗಿಸಿ ಹಾಕುತ್ತಿದ್ದಾರೆ ಎಂಬ ಆ ಕಾಲದ ಮಾತಿಗೆ ಈ ಟೇಪೇ ಉತ್ತರ.

ಹಾಗೆಂದು ಇದು ಮಂಕ್ ಅವರ ಅತ್ಯುತ್ತಮ ಲೈವ್ ಆಲ್ಬಮ್ ಎಂದು ನಾನು ಹೇಳುವುದಿಲ್ಲ. 1958ರಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಸ್ಯಾಕ್ಸಫೋನ್ ವಾದಕ ಜಾನಿ ಗ್ರಿಫಿನ್ ಜೊತೆ ನುಡಿಸಿದ್ದು ಇದಕ್ಕಿಂತ ಸಾಹಸದ್ದು. ಅದು ಅವರಿದ್ದಾಗಲೇ ಹೊರಬಂದಿತ್ತು. ಅದಕ್ಕಿಂತ ಮೇಲಿನದು ಇನ್ನೊಂದು ಮರಣೋತ್ತರ ಟೇಪು. 1951ರಲ್ಲಿ ಮಾದಕವಸ್ತು ಪ್ರಕರಣವೊಂದರಲ್ಲಿ ನ್ಯೂಯಾರ್ಕ್ ಪೊಲೀಸರು ಮಂಕ್ ಅವರ ಕ್ಯಾಬರೆ ಕಾರ್ಡ್ ಎಂಬ ಪರವಾನಗಿಯನ್ನು ಕಿತ್ತುಕೊಂಡರು. ಅದಿಲ್ಲದೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. 1957ರಲ್ಲಿ ಕಾರ್ಡ್ ಮರಳಿ ಸಿಕ್ಕಾಗ ಸ್ಯಾಕ್ಸಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸಿದರು. ಕೇಳಿದವರೆಲ್ಲ ಆ ಜೋಡಿಯನ್ನು ಕೊಂಡಾಡಿದರೂ ಧ್ವನಿಮುದ್ರಣ ಮಾತ್ರ ಬೆರಳೆಣಿಕೆಯಷ್ಟು. ಆ ವರ್ಷದ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ವಾಯ್ಸ್ ಆಫ್ ಅಮೆರಿಕ ರೇಡಿಯೊ ಧ್ವನಿಮುದ್ರಿಸಿಕೊಂಡ ಟೇಪು ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಅಮೆರಿಕದ ದೊಡ್ಡ ಗ್ರಂಥಾಲಯದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. 2005ರಲ್ಲಿ ಅಲ್ಲಿನ ಲ್ಯಾರಿ ಆಪಲ್‌ಬಾಮ್ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡಿಸುವಾಗ ಒಂದು ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ‘ಟಿ. ಮಂಕ್’ ಎಂದು ಬರೆದಿದ್ದನ್ನು ಕಂಡರು. ನಿಮ್ಮ ಕ್ಯಾಸೆಟ್‌ಗಳ ವಿಚಾರಕ್ಕೆ ಬಂದಾಗ ಈ ಪೆನ್ಸಿಲ್ ಗುರುತನ್ನು ನೆನಪಿಸುತ್ತೇನೆ.

‘ಪಾಲೊ ಆಲ್ಟೊ’ವನ್ನು ಕೇಳುವಾಗ ಮೊದಲಿನಿಂದ ಶುರುಮಾಡಬೇಡಿ, ‘ಬ್ಲೂ ಮಂಕ್’ನಿಂದ ಶುರುಮಾಡಿ. ಸುಮಾರು 14 ನಿಮಿಷದ್ದು. ಅದರ ಷಡ್ಜವೂ ಕರಿ ಐದೇ. ಶುರುವಿನ ವಾಕ್ಯದಲ್ಲಿ ಶುದ್ಧ ಗಾಂಧಾರ, ಶುದ್ಧ ಮಧ್ಯಮ, ತೀವ್ರ ಮಧ್ಯಮ, ಪಂಚಮ ಹೀಗೆ ನಾಲ್ಕು ಅಕ್ಕಪಕ್ಕದ ಸ್ವರಗಳು ಸಾಲಾಗಿ ಏರುತ್ತವೆ. ನಮಗೆ ಎರಡು ಮಧ್ಯಮಗಳು ಒತ್ತಾಗಿ ಬಂದರೆ ಬೆಳಗಿನ ರಾಗ ಲಲಿತ್ ನೆನಪಾಗುತ್ತದೆ, ಇಲ್ಲಿ ಮಾತ್ರ ಅದಕ್ಕೆ ಒಂಟಿ ಬೆಳಗಿನ ಗಾಂಭೀರ್ಯವಿಲ್ಲ, ತುಂಟತನವಿದೆ. ಆವರ್ತನ 12 ಅಳತೆಗಳದು, ಅಳತೆಗೆ 4 ಮಾತ್ರೆ, ಒಟ್ಟು 48. ಸ್ಥೂಲವಾಗಿ ಹೇಳುವುದಾದರೆ ನಾಲ್ಕು ಅಳತೆ ಷಡ್ಜದ ಆಸರೆ, ಎರಡು ಅಳತೆ ಮಧ್ಯಮ, ಎರಡು ಷಡ್ಜ, ಆಮೇಲೆ ಪಂಚಮ ಮುಟ್ಟಿ ಮತ್ತೆ ಷಡ್ಜಕ್ಕೆ. ಬೆರಳಿನಲ್ಲಿ ಎಣಿಸುತ್ತ ಹೋದರೆ ಮೂರ್ನಾಲ್ಕು ಆವರ್ತನಗಳಲ್ಲಿ ಮನೆ ಸಿಗುತ್ತದೆ. ಸಿಕ್ಕ ಮೇಲೆ ಎಣಿಕೆ ಬಿಟ್ಟುಬಿಡಿ.

ಟೆನರ್ ಸ್ಯಾಕ್ಸಫೋನ್ ನುಡಿಸುವ ಚಾರ್ಲಿ ರೌಸ್ 1959ರಿಂದ ಮಂಕ್ ಜೊತೆಗಿದ್ದವರು, ಡಬಲ್ ಬೇಸ್‌ನ ಲ್ಯಾರಿ ಗೇಲ್ಸ್ ಮತ್ತು ಡ್ರಮ್ಸ್‌ನ ಬೆನ್ ರೈಲಿ 1964ರಿಂದ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದ ತಂಡ. ರೌಸ್ ನುಡಿಸುವಾಗ ಪಿಯಾನೊದತ್ತ ಕಿವಿಯಿಡಿ. ಸಾಥ್ ಎಂದರೆ ಸದಾ ಜೊತೆಯಲ್ಲೇ ಇರಬೇಕೆಂಬ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಮಂಕ್ ಒಂದೆರಡು ಸ್ವರಗುಚ್ಛ ಕೊಟ್ಟು ಸುಮ್ಮನಾಗುತ್ತಾರೆ. ಎಷ್ಟೋ ಸಲ ಪಿಯಾನೊ ಬಿಟ್ಟೆದ್ದು ವೇದಿಕೆಯ ಮೇಲೆ ಕುಣಿಯುವುದೂ ಅವರ ವಾಡಿಕೆಯಾಗಿತ್ತು. ಪಿಯಾನೊ ನಿಂತಾಗ ಸ್ಯಾಕ್ಸಫೋನಿನ ಕಾಲಡಿಯ ನೆಲ ಸರಿದಂತಾಗಿ, ಬೇಸ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಆಗ ತಿಳಿಯುತ್ತದೆ. ‘ವೆಲ್ ಯು ನೀಡಂಟ್’ 13 ನಿಮಿಷ ನಡೆದು ನಾಲ್ವರಿಗೂ ಸರದಿ ಕೊಡುತ್ತದೆ. ‘ಡೋಂಟ್ ಬ್ಲೇಮ್ ಮಿ’ಯಲ್ಲಿ ಮಂಕ್ ಒಬ್ಬರೇ. ಎಡಗೈ ಕೆಳಸಪ್ತಕದ ಒಂಟಿ ಸ್ವರಕ್ಕೂ ಮೇಲಿನ ಸ್ವರಗುಚ್ಛಕ್ಕೂ ಹಾರಿ ಹಾರಿ ಲಯ ಹಿಡಿಯುವ ಆ ಹಳೆಯ ಶೈಲಿಗೆ ಸ್ಟ್ರೈಡ್ ಎನ್ನುತ್ತಾರೆ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದದ್ದು. ಇವರಿಗೆ ನುಡಿಸಲು ಬರುವುದಿಲ್ಲ ಎಂದವರು ಈ ಎಡಗೈಯನ್ನು ಕೇಳಿರಲಾರರು. ಉಳಿದದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಎಪಿಸ್ಟ್ರಫಿ’ ಅವರ ಕಛೇರಿ ಮುಗಿಸುವ ವಾದ್ಯರಚನೆ, ಅದಾದ ಮೇಲಿನ ಪುಟ್ಟ ತುಣುಕು ಚಪ್ಪಾಳೆಗೆ ಕೊಟ್ಟ ಉಡುಗೊರೆ. ಎಲ್ಲ ಸೇರಿ 47 ನಿಮಿಷ. ರಾತ್ರಿ ಮತ್ತೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಲಬ್ಬಿನಲ್ಲಿ ನುಡಿಸಬೇಕಿದ್ದವರಿಗೆ ಇದು ಮಧ್ಯಾಹ್ನದ ಹೆಚ್ಚುವರಿ ಕೆಲಸ.

ಈ ಹೆಚ್ಚುವರಿ ಕೆಲಸ ಎಂಬುದನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಕಲಾವಿದರು ತೀರಿಹೋದ ಮೇಲೆ ಹೊರಬಂದದ್ದನ್ನೆಲ್ಲ ಅವರ ಕಡೆಯ ಮಾತಿನಂತೆ ಕೇಳುವ ಚಾಳಿ ನಮಗಿದೆ. ಶಾಲೆಯ ಆ ಭಾನುವಾರ ಮಂಕ್ ಅವರಿಗೆ 51 ವರ್ಷ, ಇನ್ನೂ 13 ವರ್ಷಗಳಿಗೂ ಮೀರಿದ ಆಯುಷ್ಯವಿತ್ತು. ಆ ವಾದನದಲ್ಲಿ ವಿದಾಯ ಹುಡುಕಿದರೆ ಸಿಗುವುದು ನಮ್ಮ ಕಲ್ಪನೆಯೇ. ಇದಕ್ಕಿಂತ ಕಷ್ಟದ ಉದಾಹರಣೆ ಇನ್ನೊಬ್ಬ ಜಾಝ್ ಪಿಯಾನೊ ವಾದಕ ಬಿಲ್ ಎವನ್ಸ್ ಅವರದು. ಅವರು 1980ರ ಆಗಸ್ಟ್ 31ರಿಂದ ಸೆಪ್ಟೆಂಬರ್ 8ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಕೀಸ್ಟೋನ್ ಕಾರ್ನರ್ ಕ್ಲಬ್ಬಿನಲ್ಲಿ ನುಡಿಸಿ, ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆ ರಾತ್ರಿಗಳ ಟೇಪುಗಳು ‘ದಿ ಲಾಸ್ಟ್ ವಾಲ್ಟ್ಸ್’, ‘ಕಾನ್ಸಿಕ್ರೇಶನ್’ ಎಂಬ ಹೆಸರಿನಲ್ಲಿ ತಲಾ 8 ಸಿ.ಡಿ.ಗಳ ಪೆಟ್ಟಿಗೆಗಳಾಗಿ ಬಂದವು. ಒಂದು ‘ಕೊನೆಯ’ದು, ಇನ್ನೊಂದು ‘ಪ್ರತಿಷ್ಠಾಪನೆ’. ಹೆಸರೇ ಕೇಳುಗರನ್ನು ಕಣ್ಣೀರಿಗೆ ಸಿದ್ಧಪಡಿಸುತ್ತದೆ. ಎವನ್ಸ್ ದೇಹ ಆಗ ನಿಜಕ್ಕೂ ಜರ್ಜರಿತವಾಗಿತ್ತು, ವರ್ಷಗಟ್ಟಲೆಯ ಮಾದಕ ವ್ಯಸನ ಅವರನ್ನು ತಿಂದುಹಾಕಿತ್ತು. ಆದರೆ ವೇದಿಕೆಯಲ್ಲಿ ಅವರು ಮಾಡುತ್ತಿದ್ದದ್ದು ದಿನದ ದುಡಿಮೆ. ‘ನಾರ್ಡಿಸ್’ ಎಂಬ ಕೃತಿಗೆ ಮುನ್ನ ಒಂಟಿ ಪಿಯಾನೊದಲ್ಲಿ ದೀರ್ಘ ಪೀಠಿಕೆ ಹಾಕುತ್ತಿದ್ದರು, ಅದು ದಿನವೂ ಬೇರೆ ಬೇರೆ. ಒಂದೇ ಕೃತಿಯ ಬೇರೆ ಬೇರೆ ರಾತ್ರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ ಆ ಪೆಟ್ಟಿಗೆಗಳು ನಿಜವಾಗಿ ಕಲಿಸುತ್ತವೆ. ಯಾವುದು ಮೊದಲೇ ಕಟ್ಟಿಟ್ಟದ್ದು, ಯಾವುದು ಅಲ್ಲೇ ಹುಟ್ಟಿದ್ದು ಎಂದು ಬೇರ್ಪಡಿಸಲು ಆಗುತ್ತದೆ. ಆಯ್ದು ಪ್ರಕಟಿಸಿದ ಒಂದೇ ಆಲ್ಬಮ್ಮಿನಲ್ಲಿ ಆ ಪಾಠ ಸಿಗುವುದಿಲ್ಲ.

ಒಪ್ಪಿಗೆಯ ಪ್ರಶ್ನೆಗೆ ಬರುತ್ತೇನೆ. ಸತ್ತವರ ಟೇಪುಗಳೆಲ್ಲ ಒಂದೇ ಬಗೆಯವಲ್ಲ. ಎವನ್ಸ್ ಅವರ ಅಭಿಮಾನಿ ಮೈಕ್ ಹ್ಯಾರಿಸ್ 1966ರಿಂದ 1975ರವರೆಗೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಯಂತ್ರವನ್ನು ಬಚ್ಚಿಟ್ಟುಕೊಂಡು ಗುಟ್ಟಾಗಿ ಧ್ವನಿಮುದ್ರಿಸಿದರು. ಅದು 1996ರಲ್ಲಿ 8 ಸಿ.ಡಿ.ಗಳಾಗಿ ಬಂತು. ಅಭ್ಯಾಸ ಮಾಡುವವರಿಗೆ ನಿಧಿಯೇ ಸರಿ, ಆದರೂ ಅದನ್ನು ಕೇಳುವಾಗ ಬೇರೊಬ್ಬರ ಕಾಗದ ಒಡೆದು ಓದುವ ಮುಜುಗರ ನನಗೆ ತಪ್ಪುವುದಿಲ್ಲ. ಮೈಕ್ ಇದೆ ಎಂದು ಗೊತ್ತಿಲ್ಲದ ಕಲಾವಿದ ಆ ಕ್ಲಬ್ಬಿನ ಅಷ್ಟು ಜನರಿಗೆ ಮಾತ್ರ ನುಡಿಸುತ್ತಿರುತ್ತಾನೆ. ‘ಪಾಲೊ ಆಲ್ಟೊ’ದ ಒಪ್ಪಂದ ನಡೆದದ್ದು ಹುಡುಗನಿಗೂ ಜಾಡಮಾಲಿಗೂ, ಮಂಕ್ ಅದರಲ್ಲಿ ಪಾಲುದಾರರಲ್ಲ. ಆದರೆ ಅದು ಸಾರ್ವಜನಿಕ ಕಛೇರಿ, ಕೃತಿಗಳನ್ನು ಅವರು ವರ್ಷಗಟ್ಟಲೆ ಎಲ್ಲೆಡೆ ನುಡಿಸುತ್ತಿದ್ದರು, ಪ್ರಕಟಣೆಗೆ ಮಗನ ಒಪ್ಪಿಗೆ ಇತ್ತು, ಮತ್ತು ಅದು ಶಾಲೆಯ ಟೇಪೆಂದು ಹೇಳಿಯೇ ಮಾರಿದರು. ಇಷ್ಟಿದ್ದರೆ ನನಗೆ ತಕರಾರಿಲ್ಲ. ಬದುಕಿದ್ದಾಗ ಕಲಾವಿದರೇ ಕೂತು ಕೇಳಿ ಬೇಡವೆಂದು ತಿರಸ್ಕರಿಸಿದ ಸ್ಟುಡಿಯೊ ಯತ್ನಗಳನ್ನು ಹೊಸ ವಾದ್ಯ ಸೇರಿಸಿ ಮೆರುಗು ಕೊಟ್ಟು ಬಿಡುವುದು ಬೇರೆ ಮಾತು. ಅದಕ್ಕೆ ಕುಟುಂಬದವರ ಸಹಿ ಇದ್ದರೂ ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಅಕ್ಕ ಹೇಳುವ ಮಾತು. ಅದನ್ನು ತಳ್ಳಿಹಾಕಬೇಡಿ, ಬಿಡಿಸಿ ಕೇಳಿ. ತಂದೆಯವರಿಗೆ ಇಷ್ಟವಾಗದಿದ್ದದ್ದು ಏನು? ಕ್ಯಾಸೆಟ್ಟಿನ ಕರಕರ ಸದ್ದೇ, ಆ ದಿನದ ತಮ್ಮ ಕೈಯೇ, ತಬಲಾದವರ ಲಯವೇ, ಅಥವಾ ತಮ್ಮನ್ನು ಮುಂದೆ ಮಾಡಿಕೊಳ್ಳುವುದೇ ಅವರ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲವೇ? ಕಂಪನಿ ನಾಟಕದ ಪೇಟಿ ಮಾಸ್ತರರು ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ ಆದ ಕಾಲುಪೆಟ್ಟಿಗೆ ತುಳಿಯುತ್ತ ನಟರ ಕಂಠದ ಹಿಂದೆ ಜೀವನ ಕಳೆದವರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಮಫೋನ್ ತಟ್ಟೆಗಳಲ್ಲಿ ನಟರ ಹಾಡು ಉಳಿಯಿತು, ಪೇಟಿಯವರದು ಹಿನ್ನೆಲೆಯ ದನಿಯಾಗಿ ಮಾತ್ರ. ಅಂಥವರೊಬ್ಬರು ಪೂರ್ತಿ ಕಾರ್ಯಕ್ರಮ ಸೋಲೊ ನುಡಿಸಿದ ದಾಖಲೆ ಎಂದರೆ ಬಲು ಅಪರೂಪದ್ದು, ಆದ್ದರಿಂದ ಅದು ಉಳಿಯಲೇಬೇಕು. ಉಳಿಸುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಮೊದಲನೆಯದಕ್ಕೆ ಅಕ್ಕನ ತಕರಾರು ಇರಲಾರದು. ಅದನ್ನು ಈಗಲೇ ಮಾಡಿ, ಎರಡನೆಯದನ್ನು ಇಬ್ಬರೂ ಕೂತು ಕೇಳಿದ ಮೇಲೆ ನಿರ್ಧರಿಸಿ.

ಆಸೆ ತಡೆಯಲಾರದೆ ಕ್ಯಾಸೆಟ್ಟನ್ನು ಯಾವುದೋ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಬೇಡಿ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಮೇಲೆ ಬಿಳಿ ಚುಕ್ಕೆಗಳಿದ್ದರೆ ಅದು ಬೂಷ್ಟು. ಆಗ ಓಡಿಸಿದರೆ ಟೇಪೂ ಯಂತ್ರವೂ ಕೆಡುತ್ತವೆ, ತಿಳಿದವರಿಗೇ ಕೊಡಬೇಕು. ಕ್ಯಾಸೆಟ್ಟಿನ ಬಾಯಲ್ಲಿ, ಟೇಪಿನ ಹಿಂದೆ, ಸಣ್ಣ ಉಣ್ಣೆಬಟ್ಟೆಯಂಥ ಮೆತ್ತೆ ಅಂಟಿಕೊಂಡಿದೆಯೇ ನೋಡಿ. ನಮ್ಮ ಕಡೆಯ ಬೇಸಿಗೆಗೆ ಅದರ ಗೋಂದು ಒಣಗಿ ಮೆತ್ತೆ ಉದುರಿರುತ್ತದೆ, ಉದುರಿದರೆ ಧ್ವನಿ ಮಂಕಾಗಿ ಬರುತ್ತದೆ. ಹೊರಕವಚದ ಮೇಲೆ ಸಿ-60 ಎಂದಿದ್ದರೆ ಟೇಪು ಗಟ್ಟಿ, ಸಿ-90 ಪರವಾಗಿಲ್ಲ, ಸಿ-120 ತೀರಾ ತೆಳು, ಎಳೆದರೆ ಹಿಗ್ಗುತ್ತದೆ. ಟೇಪನ್ನು ಒಲೆಯಲ್ಲಿಟ್ಟು ಬಿಸಿಮಾಡುವ ವಿಡಿಯೊಗಳನ್ನು ನೋಡಿ ಅಡುಗೆಮನೆಗೆ ಹೋಗಬೇಡಿ. ಅದು ಕೆಲವು ಬಗೆಯ ಹಳೆಯ ಸ್ಪೂಲ್ ಟೇಪುಗಳಿಗೆ ಮಾಡುವ ಚಿಕಿತ್ಸೆ.

ಒಳ್ಳೆಯ ಕ್ಯಾಸೆಟ್ ಡೆಕ್ ಇರುವವರ ಬಳಿ ಹೋದಾಗ ಹೆಡ್ಡನ್ನು, ಅಂದರೆ ಟೇಪನ್ನು ಓದುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದ್ದಾರೆಯೇ ಎಂದು ಕೇಳಿ, ಆಮೇಲೆ ಹೆಡ್ಡಿನ ಓರೆಯನ್ನು ನಿಮ್ಮ ಕ್ಯಾಸೆಟ್ಟಿಗೆ ಹೊಂದಿಸಲು ಹೇಳಿ. ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ತಬಲಾದ ಅಂಚಿನ, ಅಂದರೆ ಕಿನಾರಿನ, ದನಿ ತಟ್ಟನೆ ತೆರೆದುಕೊಳ್ಳುತ್ತದೆ. ಆ ಕ್ಷಣ ನಿಮ್ಮ ಕಿವಿಗೇ ತಿಳಿಯುತ್ತದೆ. ಸಂಕುಚಿತಗೊಳಿಸದ ವೇವ್ ಕಡತವಾಗಿ, 24 ಬಿಟ್‌ನಲ್ಲಿ ಇಳಿಸಿಕೊಳ್ಳಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. ಮೊದಲು ಇಳಿಸಿದ ಪ್ರತಿಯನ್ನು ಯಾರೂ ಮುಟ್ಟಕೂಡದು. ಗದ್ದಲ ತೆಗೆಯುವ ತಂತ್ರಾಂಶಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವು ಒಂದೇ ಸಮನೆ ಬರುವ ಸದ್ದನ್ನೆಲ್ಲ ಗದ್ದಲವೆಂದು ಬಗೆಯುತ್ತವೆ, ತಂಬೂರಿಯೂ ಪೇಟಿಯ ಷಡ್ಜದ ಎಳೆಯೂ ಒಂದೇ ಸಮನೆಯೇ ಬರುತ್ತವೆ. ಸದ್ದು ಪೂರ್ತಿ ಹೋಗಿಸಿಕೊಡುತ್ತೇನೆ ಎನ್ನುವವರಿಂದ ದೂರವಿರಿ.

ಇನ್ನೊಂದು ಮುಖ್ಯ ಸಂಗತಿ ವೇಗದ್ದು. ಪೆಂಡಾಲಿನ ರೆಕಾರ್ಡರುಗಳು ಸರಿಯಾದ ವೇಗದಲ್ಲಿ ಓಡಿದ್ದು ಕಡಿಮೆ. ಅವು ಶೇಕಡಾ 6ರಷ್ಟು ನಿಧಾನವಾಗಿ ಓಡಿದ್ದರೂ ಸರಿಯಾದ ವೇಗದಲ್ಲಿ ಕೇಳುವಾಗ ಶ್ರುತಿ ಒಂದು ಸ್ವರಸ್ಥಾನ ಮೇಲೆ ಸರಿಯುತ್ತದೆ, ಕರಿ ಐದು ಬಿಳಿ ಏಳಾಗಿ ಕೇಳಿಸುತ್ತದೆ, ಲಯವೂ ಅವಸರದ್ದಾಗುತ್ತದೆ. ‘ಆ ದಿನ ಅಪ್ಪನ ಕೈ ಓಡಿಬಿಟ್ಟಿತ್ತು’ ಎಂಬ ಅಸಮಾಧಾನ ಇದರಿಂದಲೂ ಹುಟ್ಟಿರಬಹುದು. ತಂದೆಯವರ ಅದೇ ಪೇಟಿ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಬೇಡ. ಕ್ಯಾಸೆಟ್ಟಿನ ಷಡ್ಜವನ್ನು ಅದರ ಜೊತೆ ಹೋಲಿಸಿ ವೇಗ ತಿದ್ದಿಸಿ. ರೀಡುಗಳೂ ಕಾಲಕ್ಕೆ ಒಂದಿಷ್ಟು ಸರಿಯುತ್ತವೆ, ಆದರೆ ಅಷ್ಟಲ್ಲ. ಹೊರದೇಶದ ತಂತ್ರಜ್ಞರು ಟೇಪಿನೊಳಗಿನ ವಿದ್ಯುತ್ತಿನ ಗುಂಯ್ ಸದ್ದಿನಿಂದ ವೇಗ ಕಂಡುಹಿಡಿಯುತ್ತಾರೆ. ಆ ಕಾಲದ ನಮ್ಮ ಕರೆಂಟು 50 ಹರ್ಟ್ಸ್‌ಗೆ ನಿಂತದ್ದೇ ಅಪರೂಪ, ಹಾಗಾಗಿ ಪೇಟಿಯನ್ನೇ ನಂಬಿ. ಸಿ-90 ಆದರೆ ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುತ್ತದೆ. ರಾಗವೊಂದು ನಡುವೆ ತುಂಡಾಗಿದ್ದರೆ ಎರಡು ತುದಿಗಳನ್ನು ಜಾಣತನದಿಂದ ಹೊಲಿಯಲು ಹೋಗಬೇಡಿ, ತುಂಡಾದದ್ದು ತುಂಡಾಗಿಯೇ ಇರಲಿ.

ಕಾನೂನಿನ ಮಟ್ಟಿಗೆ ಚಿಕ್ಕದಾಗಿ: 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಅದರ ಅವಧಿ ಈಗ 50 ವರ್ಷ, ಪ್ರದರ್ಶನ ನಡೆದ ಮರುವರ್ಷದಿಂದ ಲೆಕ್ಕ. 2012ರ ತಿದ್ದುಪಡಿ ಕಲಾವಿದರ ಹೆಸರು ಹೇಳಬೇಕಾದ, ಅವರ ವಾದನವನ್ನು ವಿರೂಪಗೊಳಿಸದಿರಬೇಕಾದ ಹಕ್ಕನ್ನೂ ಕೊಟ್ಟಿತು. ಧ್ವನಿಮುದ್ರಣ ಮಾಡಿಸಿದವರಿಗೆ ಬೇರೆಯೇ ಹಕ್ಕಿರುತ್ತದೆ, ಆದ್ದರಿಂದ ಆ ದಿನ ಯಂತ್ರ ಓಡಿಸಿದ್ದು ಮೈಕ್ ಸೆಟ್ಟಿನವರೋ ಸಮಿತಿಯವರೋ ವಿಚಾರಿಸಿ, ಸಿಕ್ಕರೆ ಎರಡು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ. ತಂದೆಯವರು ರಾಗಗಳ ನಡುವೆ ಸಿನಿಮಾ ಹಾಡು ನುಡಿಸಿದ್ದರೆ ಯೂಟ್ಯೂಬ್ ತಕರಾರು ತೆಗೆಯಬಹುದು, ಆ ಭಾಗವನ್ನು ಮನೆಗೆ ಇಟ್ಟುಕೊಳ್ಳಿ. ನಿಮ್ಮಿಬ್ಬರಿಗೂ ಒಪ್ಪಿಗೆಯಾದರೆ ಚಿತ್ರದುರ್ಗ ಆಕಾಶವಾಣಿಯಲ್ಲೂ ವಿಚಾರಿಸಬಹುದು. ಹಾರ್ಮೋನಿಯಂಗೆ ಒಮ್ಮೆ ಬಾಗಿಲು ಹಾಕಿದ್ದ ಸಂಸ್ಥೆಯಿಂದಲೇ ಅದು ಪ್ರಸಾರವಾದರೆ ನನಗಂತೂ ಖುಷಿ.

ಅದಕ್ಕೂ ಮೊದಲು, ಅಂದರೆ ಇವತ್ತೇ, ಕ್ಯಾಸೆಟ್ಟಿನ ಡಬ್ಬಿಯೊಳಗೆ ಒಂದು ಚೀಟಿ ಇಡಿ. ಕ್ಯಾಸೆಟ್ಟಿನ ಮೇಲೆ ಅಂಟಿಸಬೇಡಿ, ಅಂಟು ಬಿಟ್ಟು ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಯಾವ ಪೆಂಡಾಲು, ಯಾವ ವರ್ಷ, ಯಾವ ಪೇಟಿ, ತಬಲಾ ಯಾರು, ಟೇಪು ಮಾಡಿದವರು ಯಾರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ತೇವಕ್ಕೆ ಹರಡುತ್ತದೆ. ವರ್ಷ ನಿಮಗೆ ಖಚಿತವಿಲ್ಲದಿದ್ದರೆ ಅಕ್ಕನನ್ನು ಕೇಳಿ. ಇಂಥವು ಹಿರಿಯ ಮಕ್ಕಳಿಗೆ ಹೆಚ್ಚು ನೆನಪಿರುತ್ತವೆ, ಬೇಡ ಎಂದವರನ್ನು ಕೆಲಸದಲ್ಲಿ ಸೇರಿಸಿಕೊಂಡಂತೆಯೂ ಆಗುತ್ತದೆ. ತಬಲಾದವರ ಮನೆಯವರು ಸಿಕ್ಕರೆ ಒಂದು ಪ್ರತಿ ಅವರಿಗೂ ಕೊಡಿ.